ಹಸಿರು ನೂಲಿನ ಕೀಲಿಕೈ

ಸ್ಪ್ಯಾನಿಷ್ ತರಗತಿಯಲ್ಲಿ ಓರಗಿತ್ತಿ ತನ್ನ ಅಂಗೈಗಿಟ್ಟ ಕೀಲಿಕೈಯನ್ನು ಹಿರಿಸೊಸೆ ಕಂಡ ಕೂಡಲೇ ಗುರುತು ಹಿಡಿದಳು. ಬ್ಯಾಗಿನಿಂದ ಏನಾದರೂ ತೆಗೆದು ಪಕ್ಕದವರಿಗೆ ಕೊಡುತ್ತ, 'ಇದನ್ನು ನಿನಗೆ ಕೊಡ್ತೀನಿ' ಎಂದು ಎರಡೂ ಸರ್ವನಾಮ ಸೇರಿಸಿ ಹೇಳಲು ಮೇಡಂ ಸೂಚಿಸಿದ್ದರು. ಓರಗಿತ್ತಿ ನೋಡದೆಯೇ ಕೈಗೆ ಸಿಕ್ಕಿದ್ದನ್ನು ಕೊಟ್ಟು, "ತೆ ಲಾ ದೊಯ್" ಎಂದು ನಕ್ಕಿದ್ದಳು.

ಹಸಿರು ನೂಲು ಸುತ್ತಿದ ಅದು ತೀರಿಕೊಂಡ ಅತ್ತೆಯ ಬೀರುವಿನದು. ಅದು ಕಾಣೆಯಾದಂದಿನಿಂದ ಮನೆಮಂದಿಯೆಲ್ಲ ಹಿರಿಸೊಸೆಯನ್ನೇ ಓರೆಗಣ್ಣಿನಿಂದ ನೋಡುತ್ತಿದ್ದರು. "ಅಕ್ಕ ಅಂಥವರಲ್ಲ ಬಿಡಿ" ಎಂದು ವಹಿಸಿಕೊಂಡು ಮಾತಾಡಿದವಳು ಈ ಓರಗಿತ್ತಿಯೊಬ್ಬಳೇ.

"ಈಗ ನೀವು ವಾಪಸ್ ಕೊಡಿ," ಎಂದರು ಮೇಡಂ.

ಓರಗಿತ್ತಿಯ ಮುಖ ಬಿಳಿಚಿಕೊಂಡಿತ್ತು. "ಕೊಡಿ ಅಕ್ಕಾ, ಅದು ನನ್ನ ಟ್ರಂಕಿಂದು."

ಹಿರಿಸೊಸೆ ಮುಷ್ಟಿ ಬಿಗಿದಳು. "ನೋ ತೆ ಲಾ ದೊಯ್."

ಮೇಡಂ ಖುಷಿಯಿಂದ ಚಪ್ಪಾಳೆ ತಟ್ಟಿದರು.

"ನಿನಗೆ ಕೊಡಲ್ಲ ಕಣೇ," ಎಂದಳು ಹಿರಿಸೊಸೆ ಮೆಲ್ಲಗೆ. "ಮನೇಲಿ, ಎಲ್ಲರ ಮುಂದೆ ಮಾವನ ಕೈಗೆ ಕೊಡ್ತೀನಿ."