ಹದಿನಾಲ್ಕನೇ ನಂಬರಿನ ಜಾಗ

ಬರೆಯುತ್ತಿರುವವನು ಅನಂತಮೂರ್ತಿಯೇ. ಶ್ರೀರಂಗರಿಗೆ ಇನ್ನು ಅನುಮಾನ ಉಳಿದಿರಲಿಲ್ಲ.

"ಇಲ್ಲಿ ನೋಡು," ಎಂದು ಅವರು ಕಂಪ್ಯೂಟರಿನ ಪರದೆಯ ಮೇಲೆ ಬೆರಳು ಕುಟ್ಟಿದರು. "'ಹದಿನಾಲ್ಕನೇ ನಂಬರಿನವನ ಎಡ ಮೊಣಕಾಲು ಮುಗಿದಿದೆ. ಭಾನುವಾರ ಅವನಿಗೆ ಮೆಟ್ಟಿಲು ಇಳಿಯಲಾಗುವುದಿಲ್ಲ.' ಇದು ನನಗೆ, ನಿನಗೆ ಬಿಟ್ಟರೆ ಅವನೊಬ್ಬನಿಗೇ ಗೊತ್ತು. ನಿನ್ನ ಮೊಣಕಾಲು ಪರೀಕ್ಷೆ ಮಾಡಿದ ಡಾಕ್ಟರು ಅವನೇ ತಾನೆ?"

ಕಶ್ಯಪ್ ಸೋಫಾದ ಮೇಲೆ ಕಾಲು ಚಾಚಿ ಮೊಣಕಾಲಿಗೆ ಐಸ್ ಒತ್ತಿಕೊಂಡಿದ್ದ. "ಬಿಡಿ ಅಪ್ಪ. ಯಾರೋ ಬರೀತಾರೆ."

"ಯಾರೋ ಅಲ್ಲ. ವಾರದಲ್ಲಿ ಐದು ದಿನ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ. ರಿಟೈರ್ ಆದವರಿಗಲ್ಲದೆ ಇನ್ಯಾರಿಗೆ ಅಷ್ಟು ಪುರುಸೊತ್ತು?"

ಕಶ್ಯಪ್ ಐಸನ್ನು ಮೊಣಕಾಲಿನ ಇನ್ನೊಂದು ಬದಿಗೆ ಸರಿಸಿದ. ಆಟವಾಡಿ ಬಂದ ಸಂಜೆಗಳಲ್ಲಿ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಮೂವತ್ನಾಲ್ಕು ವರ್ಷ ಅವನಿಗೆ.

ಆಸ್ಟ್ರೇಲಿಯನ್ ಫುಟ್‌ಬಾಲ್ ಈ ಮನೆಗೆ ಬಂದದ್ದು ಮೆಲ್ಬರ್ನ್‌ನಿಂದ. ಶ್ರೀರಂಗರ ಹೆಂಡತಿ, ಡಾಕ್ಟರಾಗಿದ್ದ ವೇದಾ ಅಲ್ಲಿನ ಆಸ್ಪತ್ರೆಯಲ್ಲಿ ಎಂಟು ವರ್ಷ ಕೆಲಸ ಮಾಡಿದ್ದರು. ಆ ಎಂಟು ವರ್ಷದಲ್ಲಿ ಗಂಡನೂ ಮಗನೂ ಕಾಲಲ್ಲಿ ಒದ್ದು ಕೈಯಲ್ಲಿ ಹಿಡಿಯುವ ಆ ಮೊಟ್ಟೆಯಾಕಾರದ ಚೆಂಡಿಗೆ ಅಂಟಿಕೊಂಡರು. ಆಮೇಲೆ ಲಂಡನ್ನಿನ ಆಸ್ಪತ್ರೆ, ಹೌನ್ಸ್ಲೋದಲ್ಲಿ ಮನೆ. ಪಕ್ಕದ ಫೆಲ್ಥಮ್‌ನಲ್ಲಿ ಹೆರಾನ್ಸ್ ಎಂಬ ಹವ್ಯಾಸಿ ತಂಡ ಸಿಕ್ಕಿತು. ಹನ್ನೆರಡು ವರ್ಷದಿಂದ ಕಶ್ಯಪ್ ಅದಕ್ಕೇ ಆಡುತ್ತಿದ್ದ.

ವೇದಾ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಶ್ರೀರಂಗರು ಮನೆ ಬಿಟ್ಟು ಹೊರಡುತ್ತಿದ್ದದ್ದು ಶನಿವಾರ ಮಾತ್ರ, ಮಗನ ಆಟಕ್ಕೆ. ಶುಕ್ರವಾರವೇ ಅವನ ಬೂಟು ಒರೆಸಿ ಬಾಗಿಲ ಬಳಿ ಇಡುತ್ತಿದ್ದರು. ಮೈದಾನದ ಅಂಚಿನಲ್ಲಿ ಪಕ್ಕಕ್ಕೆ ಅನಂತಮೂರ್ತಿ ನಿಲ್ಲುತ್ತಿದ್ದರು. ಮೈಸೂರಿನ ಕಾಲದ ಗೆಳೆಯ, ನಿವೃತ್ತ ಡಾಕ್ಟರು. ಒಂದೇ ಫ್ಲಾಸ್ಕಿನ ಕಾಫಿ ಇಬ್ಬರಿಗೂ.

ಈ ವರ್ಷ, 2004ರ ಜೂನ್‌ನಲ್ಲಿ, ತಂಡದ ವೆಬ್‌ಸೈಟಿನ ಚರ್ಚಾ ಪುಟದಲ್ಲಿ 'ಓಲ್ಡ್ ಬೂಟ್' ಎಂಬ ಹೆಸರಿನವನೊಬ್ಬ ಕಾಣಿಸಿಕೊಂಡ. ಮುಂದಿನ ವರ್ಷದ ಪಟ್ಟಿಯಲ್ಲಿ ಮೂವತ್ತು ಹೆಸರಿಗೆ ಮಾತ್ರ ಜಾಗ. ಹದಿನಾಲ್ಕನೇ ನಂಬರಿನವನನ್ನು ಕೈಬಿಡಿ, ಪರ್ತ್‌ನಿಂದ ಬಂದಿರುವ ಎಲೆಕ್ಟ್ರಿಷಿಯನ್ನನ್ನು ತೆಗೆದುಕೊಳ್ಳಿ, ಅವನಿಗೆ ಇಪ್ಪತ್ತೆರಡು, ಕುದುರೆಯ ಹಾಗೆ ಓಡುತ್ತಾನೆ ಎಂದು ಬರೆದ.

ಶ್ರೀರಂಗರು ಅಂದು ಸಂಜೆಯೇ ಉತ್ತರ ಬರೆದರು. ಪರ್ತ್‌ನವನ ವೀಸಾ ಎರಡು ವರ್ಷದ್ದು. ಅದು ಮುಗಿದ ದಿನ ವಿಮಾನ ಹತ್ತುತ್ತಾನೆ. ಬಂದುಹೋಗುವವರನ್ನು ನಂಬಿ ತಂಡ ಕಟ್ಟಲಾಗದು. ಇಲ್ಲೇ ಮನೆ ಮಾಡಿಕೊಂಡಿರುವವರು ಬೇಕು. ವಾದ ಗಟ್ಟಿಯಾಗಿತ್ತು. ಓದುಗರು ಒಬ್ಬೊಬ್ಬರಾಗಿ ಅವರ ಕಡೆ ವಾಲಿದರು.

ಓಲ್ಡ್ ಬೂಟ್ ಬಿಡಲಿಲ್ಲ. ಜುಲೈನಲ್ಲಿ ಕೈತಪ್ಪಿದ ಕ್ಯಾಚುಗಳ ಪಟ್ಟಿ ಕೊಟ್ಟ. ಆಗಸ್ಟ್‌ನಲ್ಲಿ ಮೊಣಕಾಲಿನ ಸುದ್ದಿ ಎತ್ತಿದ. ಒಂದು ವಿಚಿತ್ರವೆಂದರೆ ಶ್ರೀರಂಗರ ಬಗ್ಗೆ ಅವನು ಒಂದು ಕೆಟ್ಟ ಮಾತೂ ಆಡಲಿಲ್ಲ. 'ಸರ್, ನಿಮ್ಮ ಪ್ರೀತಿ ದೊಡ್ಡದು. ಆದರೆ ಮುಗಿದದ್ದನ್ನು ಮುಗಿಯಲು ಬಿಡಿ' ಎಂದು ಬರೆದ.

"ಬೆಣ್ಣೆ ಹಚ್ಚಿ ಕೊಯ್ಯೋನು," ಎಂದರು ಶ್ರೀರಂಗರು.

ಸೆಪ್ಟೆಂಬರಿನ ಎರಡನೇ ಶನಿವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ಪಟ್ಟಿಯ ಸಭೆ. ಇಪ್ಪತ್ತೊಂಬತ್ತು ಹೆಸರು ಓದಿ ಕ್ಯಾಪ್ಟನ್ ತಲೆ ಎತ್ತಿದ. ಉಳಿದ ಒಂದು ಜಾಗಕ್ಕೆ ಇಬ್ಬರು. ಸದಸ್ಯರು ಏನನ್ನುತ್ತೀರಿ?

ಶ್ರೀರಂಗರು ಎದ್ದು ನಿಂತರು. ಹನ್ನೆರಡು ವರ್ಷದಲ್ಲಿ ಕಶ್ಯಪ್ ತಪ್ಪಿಸಿದ್ದು ಎರಡೇ ಆಟ, ಎರಡೂ ಅವನ ತಾಯಿಯ ಕೊನೆಯ ವಾರಗಳಲ್ಲಿ. ಅಷ್ಟೇ ಹೇಳಿದರು. ಸಭೆ ಕೈ ಎತ್ತಿತು. ಕಶ್ಯಪ್ ಪಟ್ಟಿಯಲ್ಲಿ ಉಳಿದ. ಯಾರೋ ಅವನ ಬೆನ್ನು ತಟ್ಟಿದರು. ಅವನು ನೆಲ ನೋಡುತ್ತ ನಕ್ಕ.

ಶ್ರೀರಂಗರು ಕೂರಲಿಲ್ಲ. ಮೂಲೆಯ ಕುರ್ಚಿಯತ್ತ ತಿರುಗಿದರು. "ಈಗ ಸಮಾಧಾನವಾಯಿತೇನೋ, ಅನಂತು? ಡಾಕ್ಟರಾಗಿ ರೋಗಿಯ ಗುಟ್ಟನ್ನು ಊರಿಗೆಲ್ಲ ಸಾರಿದೆಯಲ್ಲ. ನಾಚಿಕೆಯಾಗಲಿಲ್ಲವೇ?"

ಕನ್ನಡ ತಿಳಿಯದವರಿಗೂ ಆ ದನಿ ತಿಳಿಯಿತು.

ಅನಂತಮೂರ್ತಿ ನಿಧಾನವಾಗಿ ಎದ್ದರು. ಮೊದಲು ಕಶ್ಯಪ್‌ನ ಮುಖ ನೋಡಿದರು, ಆಮೇಲೆ ಗೆಳೆಯನದು. "ಬರೆದವನು ನಾನಲ್ಲ, ರಂಗ. ಆದರೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದನ್ನಾದರೂ ಯೋಚಿಸು." ಕೋಟು ತೋಳಿಗೆ ಹಾಕಿಕೊಂಡು ಹೊರಟುಹೋದರು.

ಮನೆಗೆ ಹೊರಟಾಗ ಕಶ್ಯಪ್ ಕಾರು ಓಡಿಸುತ್ತಿದ್ದ. ಗೆದ್ದು ಬಂದವರ ಹಾಗೆ ಇಬ್ಬರೂ ಕಾಣಲಿಲ್ಲ.

"ನಲವತ್ತು ವರ್ಷದ ಸ್ನೇಹ ಕಣೋ," ಎಂದರು ಶ್ರೀರಂಗರು. "ಏನಿದ್ದರೂ ಎದುರಿಗೇ ಹೇಳಬಹುದಿತ್ತು. ನನ್ನ ಹತ್ತಿರ ಹೇಳಿಕೊಳ್ಳಲು ಅಷ್ಟೇನು ಭಯ?"

ಕಶ್ಯಪ್ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ.

"ಏನಾಯಿತು? ಮೊಣಕಾಲೇ?"

"ಅನಂತು ಅಂಕಲ್ ಮನೆಗೆ ಹೋಗೋಣ, ಅಪ್ಪ. ಕ್ಷಮೆ ಕೇಳಬೇಕು."

"ಕೇಳಬೇಕಾದವನು ಅವನು."

"ಅಲ್ಲ, ನಾನು." ಕಶ್ಯಪ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದೇ ಇದ್ದ. "ನನಗೆ ಆಡಿ ಸಾಕಾಗಿದೆ, ಅಪ್ಪ. ನಿಮಗಿರುವುದು ಶನಿವಾರ ಒಂದೇ, ಅದನ್ನು ನಿಲ್ಲಿಸಿ ಅಂತ ಹೇಗೆ ಹೇಳಲಿ? ದಿನಾ ಆಫೀಸಿನಲ್ಲಿ ಊಟದ ಹೊತ್ತಿಗೆ ಕೂತು ಬರೀತಿದ್ದವನು ನಾನೇ."