ಎರಡು ಟ್ರೇ

ಸುಷ್ಮಿತಾ ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಅತ್ತೆ ಗಂಗಾಂಬಿಕಾ ಬಾಳೆಹಣ್ಣಿನ ಪಫ್ ಒಂದನ್ನು ಬಾಯಿಗಿಟ್ಟಾಗಿತ್ತು. ಅದೂ ಎಡಗಡೆಯ ಟ್ರೇಯಿಂದ!

ಓವನ್ನಿನಿಂದ ಆಗಷ್ಟೇ ಇಳಿಸಿದ ಟ್ರೇಗಳು ಎರಡು. ಬಲಗಡೆಯದು ಮನೆಯವರಿಗೆ, ಮೇಲೆ ಹಾಲು ಸವರಿದ್ದು. ಎಡಗಡೆಯದು ಹೋಂಸ್ಟೇ ಅತಿಥಿಗಳಿಗೆ, ಮೊಟ್ಟೆ ಸವರಿದ್ದು. ಮೊಟ್ಟೆಯದು ಥಳಥಳ ಹೊಳೆಯುತ್ತಿತ್ತು. ಹಾಲಿನದು ಪಾಪ, ಮುಖ ತೊಳೆಯದೆ ಕೂತಂತಿತ್ತು. ಯಾರ ಕೈಯಾದರೂ ಹೊಳೆಯುವುದಕ್ಕೇ ಹೋಗುತ್ತದೆ.

ಆದರೆ ಅತಿಥಿಗಳಿಗೆಂದು ಕಟ್ಟಿಸಿದ ಈ ಹಿತ್ತಲ ಅಡುಗೆಮನೆಗೆ ಅತ್ತೆ ಕಾಲಿಡುತ್ತಾರೆಂದು ಯಾರಿಗೆ ಗೊತ್ತಿತ್ತು? ಮಾಂಸ ತಿನ್ನುವ ಮನೆಯ ಸುಷ್ಮಿತಾಳನ್ನು ಹಾಲೇಶ್ ಮದುವೆಯಾಗಿ ಕಡ್ಡಿರಾಂಪುರಕ್ಕೆ ಕರೆತಂದು ಮೂರು ವರ್ಷ. ಒಂದು ದಿನವೂ ಲಿಂಗಪೂಜೆ ತಪ್ಪಿಸದ ಅತ್ತೆ, ಅಷ್ಟು ದಿನವೂ ಸೊಸೆ ಕೊಟ್ಟ ನೀರು ಮುಟ್ಟಿರಲಿಲ್ಲ.

"ಅತ್ತಿ, ಅದು..."

"ಏನ್ ಘಮ ಅಂತೀನಿ! ಪಡಸಾಲಿ ತನಕ ಬಂದೈತಿ. ಹಣ್ಣೇ ಅಲ್ಲೇನು, ಹಣ್ಣಿಗೇನ್ ಮೈಲಿಗಿ ಅಂತ ಒಳಗ ಬಂದೆ." ಗಂಗಾಂಬಿಕಾ ಕಣ್ಣು ಮುಚ್ಚಿ ಅಗಿದರು. "ನಮ್ಮ ತ್ವಾಟದ ಸುಗಂಧಿ ಬಾಳಿ ಹೌದಲ್ಲ? ಬೆಲ್ಲಾನೂ ಹದವಾಗಿ ಬಿದ್ದೈತಿ. ಅದು ಅಂದ್ಯಲ್ಲ, ಏನದು?"

ಹೇಳಿಬಿಡಬೇಕಿತ್ತು. ಉಗುಳುತ್ತಿದ್ದರು, ಬೈಯುತ್ತಿದ್ದರು, ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು, ಅಷ್ಟೇ. ಆದರೆ ತನ್ನ ಕೈಯಡುಗೆಯ ಚೂರೊಂದು ಅತ್ತೆಯ ತುಟಿಗೆ ಅಂಟಿದ್ದನ್ನು ಸುಷ್ಮಿತಾ ಮೊದಲ ಸಲ ನೋಡುತ್ತಿದ್ದಳು. ಅಳು ಬರುವಷ್ಟು ಸಂತೋಷವಾಗಿತ್ತು.

"ಭಾಳ ಬಿಸಿ ಐತ್ರಿ ಅಂದೆ."

ಅತ್ತೆ ಇನ್ನೊಂದು ತೆಗೆದುಕೊಂಡರು. ಹೊಳೆಯುವ ಟ್ರೇಯಿಂದಲೇ.

ಮುಂದಿನ ಸೋಮವಾರ ಮಠದ ಅಯ್ಯನೋರು ಊಟಕ್ಕೆ ಬಂದಾಗ, "ನೀನೇ ಮಾಡವ್ವ ಅಡಗಿ" ಎಂದು ಅತ್ತೆ ಒಳಮನೆಯ ಒಲೆಯನ್ನೇ ಬಿಟ್ಟುಕೊಟ್ಟರು. ಮೂರು ವರ್ಷ ಕಾದಿದ್ದ ದಿನ. ಸುಷ್ಮಿತಾ ಸ್ನಾನ ಮಾಡಿ, ಪಾತ್ರೆಗಳನ್ನೆಲ್ಲ ಎರಡೆರಡು ಸಲ ಬೆಳಗಿ ಅಡುಗೆ ಮಾಡಿದಳು. ಪಫ್‌ಗೂ ಬರೀ ಹಾಲನ್ನೇ ಸವರಿದ್ದಳು. ಆದರೂ ಅತ್ತೆಯ ಮುಖ ನೋಡಲು ಅವಳಿಂದ ಆಗುತ್ತಿರಲಿಲ್ಲ. ಅವತ್ತೇ ಹೇಳಿದ್ದರೆ ಹಗುರಾಗಿರುತ್ತಿದ್ದೆ ಎಂದು ನೂರು ಸಲ ಅಂದುಕೊಂಡಳು.

ಅಯ್ಯನೋರು ಪಫ್ ಎತ್ತಿ ಹಿಂದೆ ಮುಂದೆ ತಿರುಗಿಸಿದರು. "ಬೇಕರಿ ತಿಂಡಿ ಇದ್ದಂಗ ಐತಿ. ಇದ್ರಾಗ ತತ್ತಿಗಿತ್ತಿ ಏನಿಲ್ಲಲ್ಲ ತಂಗಿ?"

ಮೊಟ್ಟೆಯ ಮಾತಿಗೆ ಸುಷ್ಮಿತಾ ಬಾಯಿ ತೆರೆಯುವ ಮೊದಲೇ ಗಂಗಾಂಬಿಕಾ ಎದೆಯ ಮೇಲಿನ ಲಿಂಗದ ಮೇಲೆ ಕೈಯಿಟ್ಟು ನಕ್ಕರು.

"ಚಿಂತಿ ಬ್ಯಾಡ್ರಿ, ತಗೋರಿ. ನಾನೇ ತಿಂದೀನಿ."