ಇಂಟರ್‌ವಲ್‌ನ ಆಚೆ ಈಚೆ

ಮೊಮ್ಮಗನಿಗೆ ಭರತೇಶ ಎಂದು ಹೆಸರಿಡೋಣ ಎಂದು ಬರಗೇರಮ್ಮ ಬಾಯಿ ತೆರೆದದ್ದೇ ತಡ, ಗಂಡ ಅಂಜನಪ್ಪ ಬಾಣಲೆಯ ಎಣ್ಣೆಗಿಂತ ಜೋರಾಗಿ ಸಿಡಿದ.

“ಆ ರೌಡಿ ಹೆಸ್ರು ನಮ್ಮ ಕೂಸಿಗಾ? ಕಂಡೋರ್ನೆಲ್ಲ ಹೊಡ್ಯಾದು ಬಿಟ್ರೆ ಅವ್ನಿಗೆ ಬ್ಯಾರೆ ಏನ್ ಬರ್ತೈತೆ?”

“ಬಿಡ್ತು ಅನ್ರಿ! ಹೊಡಿಸ್ಕಳಾದು ಬಿಟ್ರೆ ಪಾಪ ಆ ಹುಡುಗನಿಗೆ ಏನೂ ಬರಲ್ಲ.”

ಇಬ್ಬರೂ ಹೇಳುತ್ತಿದ್ದುದು ಒಬ್ಬನೇ ಸಿನಿಮಾ ಹೀರೋನ ವಿಷಯ, ಇಬ್ಬರದೂ ಸುಳ್ಳಲ್ಲ. ಹೊಸದುರ್ಗದ ಟಾಕೀಸೊಂದರ ಕಾಂಪೌಂಡಿನಲ್ಲಿ ಅವರದು ಮೆಣಸಿನಕಾಯಿ ಬಜ್ಜಿ ಗಾಡಿ. ಗೇಟಿನ ಪಾಲಯ್ಯ ಅವರಿಗೆ ಟಿಕೆಟ್ ಕೇಳುತ್ತಿರಲಿಲ್ಲ. ಆದರೆ ಉರಿಯುವ ಸ್ಟವ್ ಬಿಟ್ಟು ಗಂಡ ಹೆಂಡತಿ ಒಟ್ಟಿಗೆ ಒಳಗೆ ಹೋಗಿ ಕೂರುವುದುಂಟೆ? ಹಾಗಾಗಿ ಭರತೇಶನ ಪಿಕ್ಚರ್ ಬಂದಾಗಲೆಲ್ಲ ಇಂಟರ್‌ವಲ್‌ವರೆಗೆ ಅವಳು, ಆಮೇಲೆ ಅವನು. ಮಗಳು ಚೌಡೇಶ್ವರಿ ಲಂಗ ತೊಟ್ಟು ಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ಇದೇ ಪದ್ಧತಿ. ಈಗ ಅವಳೇ ಬಾಣಂತಿ.

ಬರಗೇರಮ್ಮ ಕಂಡ ಭರತೇಶ ಒಂದರಲ್ಲಿ ಲಾರಿ ಕ್ಲೀನರ್, ಇನ್ನೊಂದರಲ್ಲಿ ಕೆಲಸ ಕಳೆದುಕೊಂಡ ಪೊಲೀಸ್. ವೇಷ ಯಾವುದಾದರೇನು, ಬೆಲ್ ಹೊಡೆಯುವ ಹೊತ್ತಿಗೆ ತಾಯಿ ಆಸ್ಪತ್ರೆಯಲ್ಲಿ, ತಂಗಿ ಕಣ್ಣೀರಲ್ಲಿ, ಇವನು ಕೆಸರಲ್ಲಿ. ಅಂಜನಪ್ಪ ಒಳಗೆ ಹೋಗುವಷ್ಟರಲ್ಲಿ ಅದೇ ಭರತೇಶ ಮೈಮೇಲೆ ದೇವರು ಬಂದವನಂತೆ ಜೀಪು ಹತ್ತಿರುತ್ತಿದ್ದ. ತನ್ನ ಪಾಲಿನ ಕಥೆಯನ್ನು ಇವಳು ಗಂಡನಿಗೆ ಹೇಳುವುದೇನೋ ಹೇಳುತ್ತಿದ್ದಳು. ಬಜ್ಜಿ ಎತ್ತುತ್ತ ಕೇಳಿದ ಕಥೆಗೆ ಕಣ್ಣೀರು ಬರುತ್ತದೆಯೇ?

ಜಗಳ ಕೇಳಿ ಕೇಳಿ ಚೌಡೇಶ್ವರಿಗೆ ಸಾಕಾಯಿತು. “ನಾಡಿದ್ದು ತೊಟ್ಟಿಲಿಗೆ ಹಾಕ್ಬೇಕು. ನಾಳೆ ಅವನ ಹೊಸ ಪಿಕ್ಚರ್ ಬರ್ತೈತೆ. ಒಂದಿನ ಸ್ಟವ್ ಆರ್ಸಿ, ಇಬ್ರೂ ಪೂರ್ತಿ ನೋಡ್ಕಂಡು ಬರ್ರಿ. ಇಬ್ರೂ ಒಪ್ಪಿದ್ರೆ ಆ ಹೆಸ್ರು, ಇಲ್ಲಾಂದ್ರೆ ನನಗೆ ತಿಳಿದಿದ್ದು ಇಡ್ತೀನಿ.”

ಮ್ಯಾಟಿನಿಗೆ ಇಬ್ಬರೂ ಮೊದಲ ಸಲ ಪಕ್ಕಪಕ್ಕದಲ್ಲಿ ಕುಳಿತರು. ಭರತೇಶನ ತಾಯಿಯನ್ನು ಗೂಂಡಾಗಳು ಜುಟ್ಟು ಹಿಡಿದು ಎಳೆದೊಯ್ದಾಗ ಅಂಜನಪ್ಪ ಟವಲ್ಲಿನಿಂದ ಮೂಗು ಒರೆಸಿಕೊಂಡ. ಇಷ್ಟು ವರ್ಷ ಇವಳು ಸುಮ್ಮನೆ ಅತ್ತಿರಲಿಲ್ಲ ಎಂದು ಅವನಿಗೆ ಈಗ ತಿಳಿಯಿತು. ಇಂಟರ್‌ವಲ್ ಕಳೆದು ಜೀಪು ಗುಡುಗಿದಾಗ ಬರಗೇರಮ್ಮ ಸೀಟಿನ ತುದಿಗೆ ಬಂದಳು. “ಹೊಡಿ ನನ್ನಪ್ಪ, ಬಿಡಬ್ಯಾಡ!” ಎಂದು ಕೈ ಎತ್ತಿದಳು.

ಜೀಪು ಸಂತೆಬೀದಿಗೆ ನುಗ್ಗಿತು. ಅಡ್ಡ ಸಿಕ್ಕಿದ್ದು ಒಂದು ಬಜ್ಜಿ ಗಾಡಿ. ಬಾಣಲೆ ಮೇಲಕ್ಕೆ ಹಾರಿತು, ಹಿಟ್ಟು ಮಣ್ಣುಪಾಲಾಯಿತು, ಗಾಡಿಯ ಮುದುಕಿ ತಲೆ ಮೇಲೆ ಕೈ ಹೊತ್ತು ಕುಳಿತಳು. ಟಾಕೀಸಿಗೆ ಟಾಕೀಸೇ ಶಿಳ್ಳೆ ಹೊಡೆಯಿತು. ಬರಗೇರಮ್ಮ ಎತ್ತಿದ ಕೈ ಇಳಿಸಿದಳು.

“ಎಲ್ಲಾ ಪಿಕ್ಚರ್‌ನಾಗೂ ಹಿಂಗೇ ಕಣೇ,” ಅಂಜನಪ್ಪ ಮೆಲ್ಲಗೆ ಹೇಳಿದ. “ಒಂದ್ಸಲ ತರಕಾರಿ ಗಾಡಿ, ಒಂದ್ಸಲ ಮಡಿಕೆ ಅಂಗಡಿ. ನೀನು ಅವನ್ನ ಅಷ್ಟು ಹಚ್ಕಂಡಿದ್ದೆ, ಹೆಂಗ್ ಹೇಳ್ಲಿ?”

ಪಿಕ್ಚರ್ ಮುಗಿಯುವವರೆಗೂ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಹೊರಗೆ ಬಂದು ಫಸ್ಟ್ ಶೋ ಜನಕ್ಕೆಂದು ಸ್ಟವ್ ಹಚ್ಚುವಾಗ ಅಂಜನಪ್ಪನೇ ಸೋತ. “ಹೋಗ್ಲಿ, ಭರತೇಶ ಅಂತಾನೇ ಇಡಾಣ. ಹೆತ್ತವ್ವನ್ನ ಬಿಡಿಸ್ಕಳಾಕೆ ಓಡ್ತಿದ್ದ, ಪಾಪ. ಆ ಅವಸರದಾಗೆ ಗಾಡಿ ಎಲ್ಲಿ ಕಾಣ್ತೈತೆ?”

“ಬ್ಯಾಡ್ರಿ. ಚೌಡಿ ತನಗೆ ತಿಳಿದಿದ್ದು ಇಡ್ಲಿ.” ಬರಗೇರಮ್ಮ ಕಡಲೆಹಿಟ್ಟಿಗೆ ನೀರು ಹಾಕಿ ಕಲಸತೊಡಗಿದಳು. “ಹೋಗೋವಾಗ ಅವಸರ, ಒಪ್ಕಂತೀನಿ. ಅವ್ವನ್ನ ಕೂರಿಸ್ಕಂಡು ಅದೇ ದಾರ್‍ಯಾಗೆ ವಾಪಸ್ ಬಂದ್ನಲ್ರಿ? ಆಗ್ಲಾದ್ರೂ ಇಳ್ದು ಆ ಮುದುಕಿ ಗಾಡಿಗೆ ಒಂದು ಕೈ ಕೊಡಬೋದಿತ್ತು.”